ಬಿಯರ್ ಕ್ಯಾನಿನ ಒಲೆ

ಶರೊನ್ ಬಿಯರ್ ಕ್ಯಾನಿನ ಒಲೆಯನ್ನು ತಾರಸಿಯ ಸಿಮೆಂಟಿನ ಮೇಲೆ ಇಡುತ್ತಿದ್ದಂತೆ ಅವಳ ತಂದೆ ಪಿಯುಸ್ ಅದನ್ನು ಎತ್ತಿ ಇನ್ನೊಂದು ಕಡೆ ಇಟ್ಟರು. ಒಣಗಲು ಹಾಕಿದ ಬಟ್ಟೆ ಗಾಳಿಗೆ ಹಾರಿ ಬಂದರೆ ಎಂತ ಗತಿ ಎಂದರು. ಆಮೇಲೆ ಬಟ್ಟೆಗಳನ್ನೂ ತಂತಿಯಿಂದ ತೆಗೆಸಿದರು. ಮರಳು ತುಂಬಿದ ಬಾಲ್ದಿ, ನೆನೆಸಿದ ಗೋಣಿಚೀಲ ಬೆಳಿಗ್ಗೆಯೇ ತಾರಸಿಗೆ ಬಂದಿದ್ದವು. ಮನೆಯ ಬೆಕ್ಕಿಗೂ ಆ ದಿನ ಮೇಲೆ ಬರಲು ಅಪ್ಪಣೆ ಇರಲಿಲ್ಲ.

ಪಿಯುಸ್ ಸರ್ವಿಸ್ ಪೂರ್ತಿ ಸುರತ್ಕಲ್ ಕಡೆಯ ಕಾರ್ಖಾನೆಯೊಂದರ ಸೇಫ್ಟಿ ವಿಭಾಗದಲ್ಲಿ ಇದ್ದವರು. ನಿವೃತ್ತರಾದ ಮೇಲೆ ಕಾಯಲಿಕ್ಕೆ ಶಕ್ತಿನಗರದ ಮನೆ ಮಾತ್ರ ಉಳಿಯಿತು. ಪಾಪ, ಅಲ್ಲಿ ಎಷ್ಟು ಹುಡುಕಿದರೂ ಅಪಾಯ ಸಿಗುತ್ತಿರಲಿಲ್ಲ. ಈಗ ಮಗಳು ಆಫೀಸಿನ ಗೆಳತಿ ನಿರೀಕ್ಷಾ ಜೊತೆ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತಲು ಹೊರಟಿದ್ದಳು, ಅದೂ ತಾನೇ ಮಾಡಿದ ಒಲೆ ತೆಗೆದುಕೊಂಡು. ಅವರು ಒಂದೇ ಮಾತು ಹೇಳಿದ್ದರು. ಒಲೆ ತನ್ನ ಕಣ್ಣೆದುರು ಯಾವ ತಂಟೆಯೂ ಇಲ್ಲದೆ ನೀರು ಕುದಿಸಿದರೆ ಸರಿ, ಇಲ್ಲದಿದ್ದರೆ ತಾನೂ ಜೊತೆಗೆ ಬರುವುದು. ಅಪ್ಪನನ್ನು ಕಟ್ಟಿಕೊಂಡು ಬೆಟ್ಟ ಹತ್ತಿದರೆ ಕೊಟ್ಟಾರದ ತನ್ನ ಆಫೀಸಿನಲ್ಲಿ ಮತ್ತೆ ತಲೆ ಎತ್ತುವ ಹಾಗಿರಲಿಲ್ಲ. ಶರೊನ್‌ಗೆ ಇದ್ದ ಹೆದರಿಕೆ ಅದೊಂದೇ.

ಒಲೆ ದೊಡ್ಡ ಸಂಗತಿಯೇನಲ್ಲ. ಚಿಕ್ಕಪ್ಪನ ಮಗ ಶೆರ್ವಿನ್‌ನ ಮದುವೆಯ ಹಿಂದಿನ ದಿನ, ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದ ಊಟದಲ್ಲಿ ಖಾಲಿಯಾದ ಎರಡು ಕ್ಯಾನುಗಳ ಬುಡ ಕತ್ತರಿಸಿ, ಒಂದರೊಳಗೆ ಒಂದನ್ನು ತುರುಕಿ, ಅಂಚಿನ ಸುತ್ತ ಸೂಜಿಯಿಂದ ತೂತು ಹಾಕಿದ್ದಳು. ಮರಕ್ಕೆ ಪಾಲಿಶ್ ಹೊಡೆಯುವ ಸ್ಪಿರಿಟ್ ಹೊಯ್ದು ಕಡ್ಡಿ ಗೀರಿದರೆ ಆಯಿತು. ತಗಡು ಕತ್ತರಿಸುವಾಗ ಬೆರಳು ಕೊಯ್ದುಕೊಂಡದ್ದನ್ನು ಮಾತ್ರ ಅಪ್ಪನಿಗೆ ಹೇಳಿರಲಿಲ್ಲ.

ಸ್ಪಿರಿಟ್ ಹೊಯ್ದದ್ದು ಮಗಳು, ಕಡ್ಡಿ ಗೀರುವುದು ತಾನೇ ಎಂದು ಪಿಯುಸ್ ಹಟ ಹಿಡಿದರು. ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಕಡ್ಡಿ ತೋರಿಸಿದರು, ಬಗ್ಗಿ ನೋಡಿದರು. ಏನೂ ಕಾಣಲಿಲ್ಲ.

“ಹೊತ್ತಲೇ ಇಲ್ಲ ಮಾರಾಯ್ತಿ ನಿನ್ನ ಒಲೆ,” ಎಂದರು. ದನಿಯಲ್ಲಿದ್ದ ಸಂತೋಷವನ್ನು ಮುಚ್ಚಿಡಲು ಅವರಿಂದ ಆಗಲಿಲ್ಲ.

“ಹೊತ್ತಿದೆ ಪಪ್ಪಾ. ಈ ಬಿಸಿಲಿಗೆ ಸ್ಪಿರಿಟಿನ ಬೆಂಕಿ ಕಾಣುವುದಿಲ್ಲ. ಮುಟ್ಟಬೇಡಿ.”

“ಬೆಂಕಿ ಎಂತದು ಅಂತ ನೀನು ನನಗೆ ಕಲಿಸುವುದಾ?”

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಹಾಗೆ, ಅವರು ಇನ್ನಷ್ಟು ಹೊಯ್ಯಲು ಸ್ಪಿರಿಟಿನ ಬಾಟ್ಲಿ ಎತ್ತಿ ಒಲೆಯ ಮೇಲೆ ಬಗ್ಗಿಸಿಯೇಬಿಟ್ಟರು. ಭಗ್ಗೆಂದಿತು. ಉರಿ ಬಾಟ್ಲಿಯ ಬಾಯಿಗೇ ಏರಿತು, ಬಾಟ್ಲಿ ಕೈಜಾರಿತು, ಸ್ಪಿರಿಟ್ ಚೆಲ್ಲಿದಲ್ಲೆಲ್ಲ ಬೆಂಕಿ ಓಡಿತು. ಎಷ್ಟೋ ಜನರಿಗೆ ಬೆಂಕಿ ಆರಿಸಲು ಕಲಿಸಿದ ಪಿಯುಸ್ ಮರಳಿನ ಬಾಲ್ದಿಯ ಪಕ್ಕದಲ್ಲೇ ಕಂಬದ ಹಾಗೆ ನಿಂತರು. ಅವರು ಕಾವಲಿದ್ದ ಕಡೆ ಒಂದು ದಿನವೂ ಬೆಂಕಿ ಬಿದ್ದದ್ದಿಲ್ಲ, ಹಾಗಾಗಿ ಆರಿಸಿ ಗೊತ್ತೂ ಇಲ್ಲ. ಶರೊನ್ ಅವರನ್ನು ಹಿಂದಕ್ಕೆ ದೂಡಿ ಒದ್ದೆ ಗೋಣಿಯನ್ನು ಉರಿಯ ಮೇಲೆ ಹರಡಿದಳು. ನೀರು ಕುದಿಸಲು ತಂದಿದ್ದ ಪಾತ್ರೆಯನ್ನು ಒಲೆಯ ಮೇಲೆ ಕವುಚಿದಳು. ಆಮೇಲೆ ಸುತ್ತ ಮರಳು ಹೊಯ್ದಳು. ಅವಳು ಸಣ್ಣವಳಿರುವಾಗ ಅಪ್ಪ ಅಡುಗೆಮನೆಯಲ್ಲಿ ನಿಲ್ಲಿಸಿ ಬಾಯಿಪಾಠ ಮಾಡಿಸಿದ ಕ್ರಮವೇ ಅದು.

ಎಲ್ಲ ಆರಿದ ಮೇಲೆ ಅವಳಿಗೆ ಸಿಟ್ಟೂ ಬಂತು, ಅಪ್ಪನ ಮುಖ ನೋಡಿ ಪಾಪ ಅಂತಲೂ ಅನಿಸಿತು. ಗೋಣಿ ನೆನೆಸಿಟ್ಟದ್ದು ಒಳ್ಳೆಯದಾಯಿತು ಎಂದಳು. ನೀರು ಕುದಿಯಲಿಲ್ಲ, ತಂಟೆಯೂ ಆಯಿತು. ಇನ್ನು ಅಪ್ಪ ಬೆಟ್ಟಕ್ಕೆ ಬರುವುದು ಖಂಡಿತ ಎಂದು ಅವಳು ಆಸೆ ಬಿಟ್ಟಳು.

ಗಲಾಟೆ ಕೇಳಿ ತಾಯಿ ಬೆನಿಟಾ ಏದುಸಿರು ಬಿಡುತ್ತ ಮೇಲೆ ಬಂದರು. ಹೊಗೆಯಾಡುವ ಗೋಣಿ ನೋಡಿದರು, ಮಗಳ ಕೈಗಳನ್ನು ತಿರುಗಿಸಿ ನೋಡಿದರು, ಕೊನೆಗೆ ಗಂಡನ ಮುಖ ನೋಡಿದರು.

“ನಿಮ್ಮ ಹುಬ್ಬು ಎಲ್ಲಿ?”

ಪಿಯುಸ್ ಹಣೆ ಸವರಿಕೊಂಡರು. ಸುಟ್ಟ ಕೂದಲು ಬೆರಳಿಗೆ ಪುಡಿಯಾಗಿ ಬಂತು. ಒಲೆಯೇ ಹೀಗೆ ಮಾಡಿದ್ದು ಎಂದುಕೊಂಡ ಬೆನಿಟಾ, ಹುಡುಗಿಯರಿಬ್ಬರನ್ನೇ ಕಳಿಸುವ ಮಾತೇ ಬೇಡ, ಹೋಗುವುದಾದರೆ ನೀವೂ ಜೊತೆಗೆ ಹೋಗಿ ಎಂದು ಗಂಡನಿಗೆ ಕಡ್ಡಿ ಮುರಿದ ಹಾಗೆ ಹೇಳಿದರು.

ಪಿಯುಸ್ ಬಗ್ಗಿ ಪಾತ್ರೆ ಸರಿಸಿದರು. ಒಲೆ ತಣ್ಣಗಾಗಿತ್ತು. ಅಂಟಿದ್ದ ಮರಳನ್ನು ಅಂಗಿಯ ತುದಿಯಿಂದ ಒರೆಸಿ ಮಗಳ ಕೈಗೆ ಕೊಟ್ಟರು.

“ಅವಳು ಹೋಗಲಿ,” ಎಂದರು. “ನಾನು ಜೊತೆಗೆ ಇಲ್ಲದಿದ್ದರೆ ಅವಳಿಗೆ ಅಪಾಯ ಎಂತದೂ ಇಲ್ಲ.”