ಒಂದು ಗೋಡೆ, ಎರಡು ಕಣ್ಣು

ಮುನಿಯಕ್ಕ ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದಳು. ಗೋಡೆ ಕೆಸರಿನ ಬಣ್ಣಕ್ಕಿತ್ತು. ಅಂಗೈಯನ್ನು ಎಡಗಣ್ಣಿಗೆ ತಂದಳು. ಅದೇ ಗೋಡೆ ಮಾಸಲು ಗುಲಾಬಿಯಾಗಿ, ಕಡಲೆಬೀಜದ ಒಳಸಿಪ್ಪೆಯ ಹಾಗೆ ತಣ್ಣಗೆ ಕಂಡಿತು. ಹಿಂದೂಪುರದಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಆಗತಾನೇ ಕಲ್ಯಾಣದುರ್ಗದ ಮನೆಗೆ ಬಂದವಳು, ಕಪ್ಪು ಕನ್ನಡಕ ಕೈಯಲ್ಲಿ ಹಿಡಿದು ಹೊಸಿಲಲ್ಲೇ ನಿಂತಿದ್ದಳು.

“ನಾನಿಲ್ದಾಗ ಮತ್ತೆ ಬಣ್ಣ ಬಳಿಸಿದ್ರೇನ್ಲಾ?” ಎಂದು ಮಗ ತಿರುಮಲೇಶನನ್ನು ಕೇಳಿದಳು.

“ಯಾರಮ್ಮ ಬಳಿಸೋರು? ಹೋದ ತಿಂಗ್ಳು ಹರಿತಾ ಬಳಿಸಿದ್ದೇ ಕಣಮ್ಮ. ಸೊಸೆ ಮನೇಗೆಲ್ಲ ಕೆಸ್ರು ಮೆತ್ತವ್ಳೆ ಅಂತ ಬೀದಿ ತುಂಬ ಹೇಳ್ಕೊಂಡು ಬಂದ್ಯಲ್ಲ, ಅದೇ.”

“ನಿಜಂಗಾನಾ? ನಿಜವಾಗ್ಲೂ ಅದೇನಾ?”

ಅಂದು ಹರಿತಾ “ಗುಲಾಬಿ ಕಣತ್ತೆ, ನೋಡಿ” ಎಂದಾಗ ಮುನಿಯಕ್ಕ ಕದಿರಿ ನರಸಿಂಹನ ಮೇಲೆ ಆಣೆಯಿಟ್ಟು ಅವಳನ್ನು ಸುಳ್ಳಿ ಎಂದಿದ್ದಳು. ಅವತ್ತಿನಿಂದ ಸೊಸೆ ಮಾತು ಬಿಟ್ಟಿದ್ದಳು. ಈಗ ಆಣೆ ಸುಳ್ಳೋ, ಕಣ್ಣು ಸುಳ್ಳೋ, ಮುನಿಯಕ್ಕನಿಗೆ ತಿಳಿಯಲಿಲ್ಲ. ಕಂಡದ್ದನ್ನೇ ಅಲ್ಲವೇ ತಾನು ಹೇಳಿದ್ದು? ಕಂಡದ್ದನ್ನೇ ಹೇಳಿದರೂ ದೇವರು ಮುನಿಯುತ್ತಾನೆಯೇ?

ಹರಿತಾ ಒಳಗಿನಿಂದ ನೀರಿನ ಚೊಂಬು ತಂದು ಅತ್ತೆಯ ಮುಂದೆ ಹಿಡಿದಳು. ಮುನಿಯಕ್ಕ ಚೊಂಬಿಗೆ ಕೈ ಚಾಚಲಿಲ್ಲ.

“ವಸಿ ನಿಂತ್ಕೋ ಕಣಮ್ಮ” ಎಂದವಳೇ ಹಳೆಯ ಕಣ್ಣನ್ನು ಮುಚ್ಚಿಕೊಂಡು, ಹೊಸ ಕಣ್ಣನ್ನು ಗೋಡೆಯಿಂದ ಸೊಸೆಯ ಮುಖಕ್ಕೆ ತಿರುಗಿಸಿದಳು.