ಹನ್ನೊಂದು ಸಾಲಿನ ಮಗ್ಗ

ಮಧುಮತಿ ಮೊಬೈಲಿನ ಕಪ್ಪು ಪರದೆಯ ಮೇಲೆ ಹನ್ನೊಂದನೆಯ ಸಾಲು ಬರೆದು ಮುಗಿಸಿ ಬೆರಳೊತ್ತಿದಳು. ಗಣಪತಿ ಹಬ್ಬಕ್ಕೆಂದು ಗಂಡ ಅಮೋಲ ತಂದಿದ್ದ ಬ್ಯಾಟರಿ ಸ್ಪೀಕರಿನಿಂದ, ಮೊದಲೇ ಮೊಬೈಲಿನಲ್ಲಿ ತುಂಬಿಟ್ಟಿದ್ದ ಮಗ್ಗದ ಸಪ್ಪಳ ಹೊರಟಿತು: ಖಟಾ ಖಟ್, ಖಟಾ ಖಟ್. ನಿಜವಾದ ಕರೆಂಟಿನ ಮಗ್ಗ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿತ್ತು.

"ಮಗ್ಗಾ ಹಚ್ಚಾಕ ಇಷ್ಟ್ಯಾಕ ತಡಾ?" ನಡುಮನೆಯಿಂದ ಅತ್ತೆ ರತ್ನಾಬಾಯಿಯ ದನಿ ಬಂತು. "ನಂದು ಕಾಲು ಉಳುಕೈತಿ, ಕಿವಿ ಉಳುಕಿಲ್ಲ!"

"ಹಚ್ಚೇನ್ರಿ ಅತ್ತಿ!"

ಮದುವೆಗೆ ಮುಂಚೆ ಮುಧೋಳದ ಕಾಲೇಜಿನಲ್ಲಿ ಮಧುಮತಿ ಕಂಪ್ಯೂಟರ್ ಕಲಿತಿದ್ದಳು. ಬನಹಟ್ಟಿಯ ಈ ಮನೆಗೆ ಕಂಪ್ಯೂಟರ್ ಅಂತೂ ಬರಲಿಲ್ಲ. ಆದರೆ ಮೊಬೈಲಿನಲ್ಲೇ ಶೆಲ್ ಸ್ಕ್ರಿಪ್ಟ್ ನಡೆಸುವ ಆ್ಯಪ್ ಒಂದು ಸಿಕ್ಕಿತ್ತು. ಮಾಡಬೇಕಾದ ಕೆಲಸವನ್ನು ಸಾಲುಸಾಲಾಗಿ ಬರೆದುಕೊಟ್ಟರೆ ಸಾಕು, ಮೊಬೈಲು ಎದುರಾಡದೆ ಒಂದಾದ ಮೇಲೊಂದು ಮಾಡಿ ಮುಗಿಸುತ್ತದೆ. ಐದು ನಿಮಿಷ ಸಪ್ಪಳ, ನೂಲು ಸುತ್ತಿದ ಕಂಡಿಕೆ ಬದಲಿಸುವಷ್ಟು ಹೊತ್ತು ಮೌನ, ಮತ್ತೆ ಸಪ್ಪಳ. ನಡುನಡುವೆ ಎಳೆ ಹರಿದಂತೆ ತಟ್ಟನೆ ನಿಲ್ಲುವುದು. 'ಸ್ಲೀಪ್' ಎಂದು ಬರೆದ ಕಡೆ ಮೊಬೈಲು ತೆಪ್ಪಗೆ ಮಲಗುತ್ತದೆ. ಹಗಲು ಹೊತ್ತು ಮಲಗುವ ಆ ಭಾಗ್ಯ ಸೊಸೆಗಂತೂ ಇರಲಿಲ್ಲ.

ಇಷ್ಟೆಲ್ಲ ಹೂಟ ಯಾಕೆಂದರೆ, ಹನ್ನೊಂದೂವರೆಗೆ ಜಮಖಂಡಿಯಲ್ಲಿ ಅವಳ ಸ್ಕೂಟಿ ಲೈಸೆನ್ಸಿನ ಪರೀಕ್ಷೆ. ಕಲಿಕೆಯ ಲೈಸೆನ್ಸಿನ ಅವಧಿ ನಾಳಿದ್ದಿಗೆ ಮುಗಿಯುತ್ತದೆ. ಇಂದು ತಪ್ಪಿದರೆ ಮತ್ತೆ ಮೊದಲಿನಿಂದ. "ಹೆಣ್ಮಕ್ಕಳು ಗಾಡಿ ಹೊಡಿಯೂದು ನಮ್ಮ ಮನ್ಯಾಗ ಇಲ್ಲ" ಎಂದು ಅತ್ತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಾಗಿತ್ತು. ಮಧುಮತಿಯ ಆಸೆಯಾದರೂ ಎಷ್ಟು ದೊಡ್ಡದು? ಯಾರ ಕೈಕಾಲೂ ಹಿಡಿಯದೆ, ಬಸ್ಸಿಗೂ ಕಾಯದೆ, ತವರೂರು ಲೋಕಾಪುರಕ್ಕೆ ಒಮ್ಮೆ ತಾನೇ ಹೋಗಿ ಬರಬೇಕು. ಅಷ್ಟೇ. ಅಮೋಲ ಸೀರೆ ಗಂಟಿನೊಂದಿಗೆ ಸೋಲಾಪುರಕ್ಕೆ ಹೋಗಿದ್ದ. ಮನೆಯ ಸ್ಕೂಟಿ ಹಿತ್ತಲಲ್ಲೇ ಇತ್ತಾದರೂ ಚಾಲೂ ಮಾಡಿದರೆ ಅತ್ತೆಯ ಕಿವಿಗೆ ಬೀಳುತ್ತಿತ್ತು. ಮೊಬೈಲನ್ನು ಮಗ್ಗದ ಬಳಿ ಬಿಟ್ಟು, ಹಿತ್ತಲ ಬಾಗಿಲಿನಿಂದ ಮೆಲ್ಲಗೆ ಜಾರಿ ಬಸ್ಸು ಹಿಡಿದಳು. ಅತ್ತೆ ಚಾಪೆಯ ಕೆಳಗೆ ನುಸುಳಿದರೆ ಸೊಸೆ ರಂಗೋಲಿಯ ಕೆಳಗೆ ನುಸುಳಬೇಕಲ್ಲವೇ!

ಜಮಖಂಡಿಯಲ್ಲಿ ಗೆಳತಿ ಮಾಯಾ ತನ್ನ ಸ್ಕೂಟಿ ಕೊಟ್ಟಳು. ನೆಲದ ಮೇಲೆ ಬರೆದಿದ್ದ ಎಂಟರ ಆಕಾರವನ್ನು ಮಧುಮತಿ ಕಾಲೂರದೆ ಸುತ್ತಿ ಬಂದಳು. ಸಾಹೇಬರು ಕಾಗದದಿಂದ ತಲೆಯೆತ್ತದೆ "ಪಾಸ್" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಅವಳಿಗದು ಗೊತ್ತೇ ಆಗಲಿಲ್ಲ.

ಎಡವಟ್ಟು ಗೊತ್ತಾದದ್ದು ಓಣಿಯ ತಿರುವಿನಲ್ಲಿ. ಹಗಲಿಡೀ ಖಟಖಟ ಎನ್ನುವ ಓಣಿಯಲ್ಲಿ ಒಂದೂ ಮಗ್ಗದ ಸದ್ದಿಲ್ಲ. ಅಲ್ಲ, ಒಂದು ಮಾತ್ರ ಇತ್ತು. ಅವಳ ಮನೆಯದು! ಅಯ್ಯೋ ಶಿವನೇ, ಕರೆಂಟು ಹೋಗಿತ್ತು. ಹನ್ನೊಂದು ಸಾಲು ಬರೆದವಳು ಕರೆಂಟು ಹೋದರೆ ನಿಲ್ಲು ಎಂಬ ಹನ್ನೆರಡನೆಯದನ್ನು ಬರೆದಿರಲಿಲ್ಲ.

ಮನೆಯ ಮುಂದೆ ಅರ್ಧ ಓಣಿ ನೆರೆದಿತ್ತು. ಹೊಸ್ತಿಲ ಬಳಿ ರತ್ನಾಬಾಯಿ ಪಟ್ಟಿ ಕಟ್ಟಿದ ಕಾಲನ್ನು ಬಾಗಿಲಿಗೆ ಅಡ್ಡ ಚಾಚಿ ಕುಳಿತಿದ್ದಳು.

"ಇದೇನ ಬೇ ರತ್ನಾಬಾಯಿ?" ಎದುರುಮನೆಯ ಸುಂದರವ್ವ ಗಲ್ಲಕ್ಕೆ ಕೈಹಚ್ಚಿದ್ದಳು. "ಕರೆಂಟ್ ಹೋಗಿ ತಾಸಾತು, ನಿಮ್ಮ ಮಗ್ಗ ಹ್ಯಾಂಗ ನಡ್ಯಾಕತ್ತೈತಿ?"

"ಸೋಲಾರ ಹಾಕ್ಸೇವಿ."

ನೇಕಾರ ಗೂಳಪ್ಪ ಕತ್ತೆತ್ತಿದ. "ಮಾಳಗಿ ಮ್ಯಾಲ ಏನೂ ಕಾಣವಲ್ದಲ್ರಿ ಅಕ್ಕಾರ?"

"ಹೊಸಾ ನಮೂನಿದು. ಕಾಣೂದಿಲ್ಲ."

ಮಧುಮತಿ ಹಿತ್ತಲಿಂದ ಓಡಿಬಂದು ಮೊಬೈಲಿನ ಬಾಯಿ ಮುಚ್ಚಿಸಿದಳು. ಸಪ್ಪಳ ನಿಂತದ್ದೇ ತಡ, ಹೊರಗೆ ರತ್ನಾಬಾಯಿ ಗುಡುಗಿದಳು. "ನೋಡ್ರಿ, ಎಳಿ ಹರೀತು! ಎಲ್ಲಾ ನಿಮ್ಮ ಕಣ್ಣು. ನಡೀರಿ ನಿಮ್ಮ ನಿಮ್ಮ ಮನಿಗಿ!"

ಜನರನ್ನು ಸಾಗಹಾಕಿ, ಗೋಡೆ ಹಿಡಿದು ಕುಂಟುತ್ತ ಒಳಗೆ ಬಂದಳು. "ಫ್ಯಾನ ನಿಂತ್ರೂ ಮಗ್ಗಾ ನಿಂದ್ರವಲ್ದು. ದೆವ್ವ ಹೊಕ್ಕೈತಿ ಅಂತ ನನ್ನ ಜೀವಾನ ಹೋಗಿತ್ತು! ಒಳಗ ಬಂದು ನೋಡಿದ್ರ ಈ ಮೊಬೈಲ! ಬಂದ್ ಮಾಡಾಕ ಹೋದ್ರ ನನ್ನ ಮಾತ ಕೇಳವಲ್ದು. ಎಲ್ಲಿಗಿ ಹೋಗಿದ್ದಿ?"

"ಜಮಖಂಡಿಗ್ರಿ. ಗಾಡಿ ಲೈಸನ್ಸಿನ ಪರೀಕ್ಷಾಕ್ಕ." ಸುಳ್ಳು ಹೇಳಲು ಮಧುಮತಿಯಲ್ಲಿ ಇನ್ನು ಸರಕು ಉಳಿದಿರಲಿಲ್ಲ.

"ಪಾಸೋ, ನಪಾಸೋ?"

"ಪಾಸ್ರಿ."

ರತ್ನಾಬಾಯಿ ಮೊಬೈಲನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು. ಅದನ್ನು ನೆಲಕ್ಕೆ ಅಪ್ಪಳಿಸುವುದೊಂದೇ ಇನ್ನು ಬಾಕಿ ಎಂದುಕೊಂಡಳು ಮಧುಮತಿ. ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಸಾವಳಗ್ಯಾಗ ನಮ್ಮಕ್ಕ ಅದಾಳ. ಕರಕೊಂಡ ಹೋಗೋ ಅಂತ ಎರಡ ವರ್ಷದಿಂದ ಅಮೋಲಗ ಹೇಳಾಕತ್ತೇನಿ. ನಾಳಿ ನಾಳಿ ಅಂತಾನ. ಈ ಕಾಲೊಂದು ನೆಟ್ಟಗಾಗಲಿ, ನಿನ್ನ ಹಿಂದ ನಾ ಕೂಡ್ತೀನಿ."

"ನಿಮ್ಮ ಮಗಾ ಮನ್ಯಾಗ ಇರ್ತಾರಲ್ರಿ ಅತ್ತಿ?"

"ಇರಲಿ. ಗಾಡಿ ಬ್ಯಾಡ ಅಂದಾಕಿ ನಾನ, ಅವಗ ಗೊತ್ತಾಗಬಾರ್ದು. ಉಂಡು ಮಲಗಿರ್ತಾನ, ಮಗ್ಗದ ಸಪ್ಪಳಾ ಕೇಳಸು. ಆದ್ರ ಅದೊಂದಕ್ಕ ಅವಾ ನಂಬೂದಿಲ್ಲ."

ರತ್ನಾಬಾಯಿ ಗಂಟಲು ಸರಿಪಡಿಸಿಕೊಂಡು ಮೊಬೈಲನ್ನು ಬಾಯಿಯ ಹತ್ತಿರ ಹಿಡಿದಳು.

"ನಾ ನಿನಗ ಬೈಯೂದನ್ನೂ ಇದರಾಗ ತುಂಬಕೋ. ಹಚ್ಚು, ಸುರು ಮಾಡ್ತೀನಿ."