ಆರದ ಕೆಂಪು ದೀಪ

ಆಯುಧಪೂಜೆಯ ಬಾಳೆಕಂದು, ಚೆಂಡುಹೂವಿನ ಹಾರ ಹೊತ್ತೇ ಭಾವಮೈದುನನ ನಿಶ್ಚಿತಾರ್ಥಕ್ಕೆ ಹೊರಟಿದ್ದ ಕಾರನ್ನು ಅವನು ನಡುದಾರಿಯಲ್ಲಿ ನಿಲ್ಲಿಸಿದ. ಮೀಟರಿನ ಮೂಲೆಯಲ್ಲಿ ಪುಟ್ಟ ಕೆಂಪು ದೀಪ ಕಂಡಿತ್ತು.

“ಹಳದಿಯಾದ್ರೆ ಪರವಾಗಿಲ್ಲ. ಕೆಂಪು ಬಂದ್ರೆ ಒಂದಡಿನೂ ಮುಂದೆ ಹೋಗಬಾರ್ದು. ಗಾಡಿ ಜೊತೆ ಕೊಟ್ಟ ಪುಸ್ತಕ ಪೂರ್ತಿ ಓದಿದೀನಿ ಕಣೇ.”

“ಮುಹೂರ್ತ ಮೀರ್ತಿದೆ ರೀ. ಒಂದ್ಸಲ ಆಫ್ ಮಾಡಿ ನೋಡಿ,” ಎಂದಳು ಹೆಂಡತಿ.

ಕೀ ತಿರುಗಿಸಿದ. ಮಿಕ್ಕ ದೀಪಗಳೆಲ್ಲ ಆರಿದವು, ಅದೊಂದು ಆರಲಿಲ್ಲ. ಪುಸ್ತಕ ಓದಿದ್ದ ಪಂಡಿತ ಸೀಟ್‌ಬೆಲ್ಟ್ ಬಿಚ್ಚಿದ.

“ಕೀ ತೆಗೆದ್ರೂ ಉರೀತಿದೆ! ಇಳಿ, ಇಳಿ, ಬೆಂಕಿಗಿಂಕಿ ಹತ್ಕೊಂಡೀತು! ನಿನ್ನೆ ಅಷ್ಟು ಭಕ್ತಿಯಿಂದ ಪೂಜೆ ಮಾಡ್ದೆ, ಇವತ್ತೇ ಕೈಕೊಡ್ತಲ್ಲ!”

ಅವಳು ಇಳಿಯಲಿಲ್ಲ. ಬಗ್ಗಿ, ಉಂಗುರದ ಬೆರಳಿನಿಂದ ಆ ದೀಪವನ್ನು ಒರೆಸಿ ತೆಗೆದು, ಅವನ ಹಣೆಗಿಟ್ಟಳು.